ಮೀನು ಬಿಟ್ಟ ಬಟ್ಟಲಿಗೆ ಬರಬೇಕಾದ್ದು

ಉಪ್ಪಿನಂಗಡಿ ಸುತ್ತಮುತ್ತ ಶುಗರ್ ಇದೆಯೆಂದು ಗೊತ್ತಾದೊಡನೆ ಹಲವರು ಮಾಡುವ ಮೊದಲ ಕೆಲಸ ಮೀನು, ಕೋಳಿ ಬಿಡುವುದು. ಬಂಗುಡೆ ಹೋದ ಜಾಗಕ್ಕೆ ಇನ್ನೊಂದು ಸೌಟು ಅನ್ನ ಬರುತ್ತದೆ. ಬಂಗುಡೆಯಲ್ಲಿ ಪಿಷ್ಟವೇ ಇಲ್ಲ, ಅನ್ನದಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಅದೇ. ತಿಂಗಳು ಕಳೆದು ರಕ್ತಪರೀಕ್ಷೆಯ ಅಂಕಿ ಇಳಿಯದಿದ್ದರೆ, ಸಸ್ಯಾಹಾರದಿಂದ ಏನೂ ಆಗುವುದಿಲ್ಲ ಎಂಬ ತೀರ್ಮಾನ. ವೈದ್ಯವಿಜ್ಞಾನ ಇದೇ ಗೊಂದಲದಿಂದ ಹೊರಬರಲು ನೂರು ವರ್ಷ ತೆಗೆದುಕೊಂಡಿತು.

ಚರಕಸಂಹಿತೆ ಸಕ್ಕರೆ ಕಾಯಿಲೆಯೂ ಸೇರಿದ ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಮಾಂಸದ ಜೊತೆಗೇ ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲವನ್ನೂ ಸೇರಿಸುತ್ತದೆ; ಪಥ್ಯಕ್ಕೆ ಮುಖ್ಯವಾಗಿ ಜವೆಗೋಧಿ. ಆಧುನಿಕ ವೈದ್ಯರಾದರೋ ಮೊದಲು ಹಿಡಿದದ್ದು ಉಪವಾಸದ ದಾರಿ. 1910ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಅಲೆನ್ ರೋಗಿಗಳನ್ನು ಅರೆಹೊಟ್ಟೆಯಲ್ಲಿಟ್ಟು ಆಯುಸ್ಸು ಒಂದಿಷ್ಟು ಎಳೆದರು. 1922ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಮನುಷ್ಯರಿಗೆ ಸಿಕ್ಕಿತು. ಆಮೇಲೂ ಅನ್ನ, ರೊಟ್ಟಿಯೆಂದರೆ ಅಂಜಿಕೆ ಹೋಗಲಿಲ್ಲ.

ಆ ಅಂಜಿಕೆಯನ್ನು ಸಡಿಲಿಸಿದ್ದು ನಾರು. 1970ರ ದಶಕದಲ್ಲಿ ಕೆಂಟಕಿಯ ಜೇಮ್ಸ್ ಆಂಡರ್ಸನ್ ಕಾಳು, ತರಕಾರಿ, ಇಡೀ ಧಾನ್ಯ ತುಂಬಿದ ಊಟ ಕೊಟ್ಟಾಗ ಕೆಲವರ ಇನ್ಸುಲಿನ್ ಪ್ರಮಾಣವನ್ನೇ ಇಳಿಸಬೇಕಾಯಿತು. ಚೆನ್ನೈಯಲ್ಲಿ ಡಾ. ಎಂ. ವಿಶ್ವನಾಥನ್ ಅದೇ ತತ್ತ್ವವನ್ನು ನಮ್ಮ ದೇಶದ ಊಟಕ್ಕೆ ಹೊಂದಿಸಿದರು. 1981ರಲ್ಲಿ ಡೇವಿಡ್ ಜೆಂಕಿನ್ಸ್ ಗ್ಲೈಸಿಮಿಕ್ ಸೂಚ್ಯಂಕವನ್ನು ಮುಂದಿಟ್ಟರು: ಪಿಷ್ಟ ಎಷ್ಟಿದೆ ಎನ್ನುವುದರ ಜೊತೆಗೆ ಅದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎನ್ನುವುದೂ ಮುಖ್ಯವಾಯಿತು.

ಸಸ್ಯಾಹಾರವನ್ನೇ ಚಿಕಿತ್ಸೆಯಾಗಿ ನೇರವಾಗಿ ಪರೀಕ್ಷಿಸಿದ್ದು ಇನ್ನೂ ತಡವಾಗಿ. 2006ರಲ್ಲಿ ನೀಲ್ ಬರ್ನಾರ್ಡ್ ತಂಡ 99 ಮಂದಿಯನ್ನು ಎರಡು ಗುಂಪು ಮಾಡಿ 22 ವಾರ ನೋಡಿತು. ಹಾಲು, ಮೊಟ್ಟೆಯನ್ನೂ ಬಿಟ್ಟು ಎಣ್ಣೆ ಕಡಿಮೆ ಬಳಸಿದವರಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 0.96 ಅಂಶ ಇಳಿಯಿತು. ರೂಢಿಯ ಮಧುಮೇಹ ಪಥ್ಯದವರಲ್ಲಿ 0.56. ಮೊದಲ ಗುಂಪಿನವರ ತೂಕವೂ ಹೆಚ್ಚು ಇಳಿದಿತ್ತು, ಹಾಗಾಗಿ ಲಾಭದ ದೊಡ್ಡ ಪಾಲು ಅದಕ್ಕೇ ಸಲ್ಲಬೇಕೆಂದು ನನ್ನ ಅನಿಸಿಕೆ. 2014ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ ಸಿಕ್ಕ ಇಳಿಕೆ ಸುಮಾರು 0.4. ಸಣ್ಣದು, ಆದರೆ ನಿಜವಾದದ್ದು.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ತಲೆಮಾರುಗಳಿಂದ ಸಸ್ಯಾಹಾರಿಗಳಾದವರಿಗೂ ಸಕ್ಕರೆ ಕಾಯಿಲೆ ಧಾರಾಳವಾಗಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ಮಧುಮೇಹಿಗಳು 10.1 ಕೋಟಿ. ಭಾರತೀಯರು ತಿನ್ನುವ ಊಟದ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ–ಸಕ್ಕರೆಯಿಂದಲೇ ಬರುತ್ತದೆ ಎಂದು ಅದೇ ಸಮೀಕ್ಷೆಯ ಮುಂದಿನ ವರದಿ ತೋರಿಸಿತು. 21 ದೇಶಗಳ ಪ್ಯೂರ್ ಅಧ್ಯಯನ 2020ರಲ್ಲಿ ಬಿಳಿ ಅಕ್ಕಿಗೂ ಮಧುಮೇಹಕ್ಕೂ ಇರುವ ನಂಟು ದಕ್ಷಿಣ ಏಷ್ಯಾದಲ್ಲೇ ಅತಿ ಬಲವಾಗಿದೆ ಎಂದಿತು.

ಹಾಗಾದರೆ ನಮ್ಮೂರಿನ ಬಟ್ಟಲು? ತೌಡು ಉಳಿದ ಕೆಂಪು ಕುಚ್ಚಲಕ್ಕಿ ಬೆಳ್ತಿಗೆಗಿಂತ ವಾಸಿ, ನಿಜ. ಆದರೆ ಗಂಜಿ, ಊಟ, ಸಂಜೆಗೆ ನೀರುದೋಸೆ, ರಾತ್ರಿ ಮತ್ತೆ ಅನ್ನವಾದರೆ ಆ ವಾಸಿ ಉಳಿಯುವುದಿಲ್ಲ. ಮೀನಿನ ಜಾಗಕ್ಕೆ ಬರಬೇಕಾದ್ದು ಕಾಳು. ಒಣ ಹುರುಳಿಯ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ನಮ್ಮೂರಿನ ವಿಜಯ–ವಿಕ್ರಮ ಜೋಡುಕರೆ ಕಂಬಳದಲ್ಲಿ ಓಡುವ ಕೋಣಗಳಿಗೆ ಹುರುಳಿ ಬೇಯಿಸಿ ತಿನ್ನಿಸುತ್ತಾರೆ. ಮನೆಯಲ್ಲಿ ಮಾತ್ರ ಬಸಿದ ನೀರಿಗೆ ಒಗ್ಗರಣೆ ಹಾಕಿ ಸಾರು ಮಾಡಿ, ಬೆಂದ ಕಾಳನ್ನು ಕೊಟ್ಟಿಗೆಗೆ ಒಯ್ಯುವ ರೂಢಿ. ಆ ಕಾಳು ನಮ್ಮ ಬಟ್ಟಲಿಗೇ ಬರಬೇಕು. ಹೆಸರುಕಾಳು, ಅಲಸಂಡೆ, ಕಡಲೆಗೂ ಇದೇ ಮಾತು. ಅರ್ಧ ಬಟ್ಟಲು ತೊಂಡೆ, ಹರಿವೆ, ಬಾಳೆದಿಂಡಿನ ಪಲ್ಯ, ಕಾಲು ಭಾಗ ಕಾಳು, ಉಳಿದ ಕಾಲಿಗೆ ಅನ್ನ ಎಂದಿಟ್ಟುಕೊಂಡರೆ ಲೆಕ್ಕ ಸುಲಭ.

ಹಲಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪುತ್ತೂರಿನ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀ ಪಡ್ರೆ ಹಲಸಿನ ಪರವಾಗಿ ವರ್ಷಗಟ್ಟಲೆ ಬರೆದರು. 2021ರಲ್ಲಿ ಆಂಧ್ರದ ಶ್ರೀಕಾಕುಳಂನ ಪ್ರಯೋಗವೊಂದು ಪ್ರಕಟವಾಯಿತು: 40 ಮಂದಿ, 12 ವಾರ, ದಿನಕ್ಕೆ 30 ಗ್ರಾಂ ಕಾಯಿ ಹಲಸಿನ ಹಿಟ್ಟು, ಅದೂ ಅಕ್ಕಿ ಇಲ್ಲವೇ ಗೋಧಿಯ ಬದಲಿಗೆ. ಹಿಟ್ಟು ತಿಂದ ಗುಂಪಿನವರ ಎಚ್‌ಬಿಎ1ಸಿ ಇಳಿಯಿತು. ಪ್ರಯೋಗ ಸಣ್ಣದು, ಹಿಟ್ಟಿನದು, ಕಾಯಿಯದು. ಹಣ್ಣಿನ ತೊಳೆಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ಅನ್ನ ಉಂಡ ಮೇಲೆ ಗುಜ್ಜೆ ಪಲ್ಯವನ್ನು ಮದ್ದೆಂದು ತಿಂದರೂ ಅಷ್ಟೇ. ಮಳೆಗಾಲಕ್ಕೆ ಭರಣಿಯಲ್ಲಿಟ್ಟ ಉಪ್ಪುಸೊಳೆಯನ್ನು ಚೆನ್ನಾಗಿ ನೆನೆಸಿ, ನೀರು ಬದಲಿಸಿ ಉಪ್ಪು ತೆಗೆಯದೆ ಬಳಸಿದರೆ ಬಿಪಿ ಇರುವವರಿಗೆ ಬೇರೆ ತೊಂದರೆ.

ಊಟ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ಹಿಂದಿನ ಪ್ರಮಾಣದಲ್ಲೇ ಇದ್ದು ಅನ್ನ ಮಾತ್ರ ಕಡಿಮೆಯಾದರೆ ಸಕ್ಕರೆ ತೀರಾ ಕುಸಿದು ಬೆವರು, ನಡುಕ ಬರಬಹುದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಮೀನು, ಮೊಟ್ಟೆ ಬಿಟ್ಟರೆ ಅದು ಇನ್ನಷ್ಟು ಇಳಿಯುತ್ತದೆ. ಆಗ ಬರುವ ಕಾಲಿನ ಜೋಮನ್ನು ಶುಗರ್‌ನದ್ದೇ ಎಂದು ತಳ್ಳಿಹಾಕಿಬಿಡುತ್ತಾರೆ. ಹಾಲು, ಮೊಸರು ಇಟ್ಟುಕೊಂಡವರೂ ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕೊರತೆ ಇದ್ದರೆ ಮಾತ್ರೆಯಲ್ಲೋ ಇಂಜೆಕ್ಷನ್ನಿನಲ್ಲೋ ತುಂಬಿಸಬಹುದು.