ಮೇಲಧಿಕಾರಿಯ ಒಪ್ಪಿಗೆ: ಬರೀ ‘ಹೌದು’ ಸಾಲದು

ಮುಗಿದ ವರ್ಷದ ಆದಾಯ ತೆರಿಗೆ ಲೆಕ್ಕವನ್ನು ಮತ್ತೆ ತೆರೆಯಲು ಅಧಿಕಾರಿ 148ನೇ ಕಲಮಿನ ನೋಟಿಸ್ ಕೊಡುತ್ತಾರೆ. ಅದಕ್ಕೆ ಮೊದಲೇ 151ನೇ ಕಲಮಿನಂತೆ ಮೇಲಧಿಕಾರಿಯ ಒಪ್ಪಿಗೆ ಆಗಿರಬೇಕು.

ಈ ಒಪ್ಪಿಗೆ ಹೇಗಿರಬೇಕೆಂದು ಹೇಳಿದ್ದು 1971ರ ಛುಗಮಲ್ ರಾಜ್‌ಪಾಲ್ ಪ್ರಕರಣ. ತೀರ್ಪು ಬರೆದವರು ಕಾರ್ಕಳ ತಾಲ್ಲೂಕು ಕೌಡೂರಿನ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ವ್ಯಾಪಾರಿಗೆ ಸಾಲ ಕೊಟ್ಟವರು ಬರೀ ಹೆಸರಿಗೆ ಇದ್ದವರು ಎಂಬ ಗುಮಾನಿ. ಸರಿಯಾದ ತನಿಖೆ ಆಗಬೇಕೆಂದು ಅಧಿಕಾರಿಯೇ ವರದಿಯಲ್ಲಿ ಬರೆದಿದ್ದರು, ಸ್ವಂತ ಆಧಾರ ಇರಲಿಲ್ಲ. ಕಮಿಷನರ್ ಕಾಲಂನಲ್ಲಿ ‘ಹೌದು’ ಎಂದಷ್ಟೇ ಬರೆದು ಸಹಿ ಹಾಕಿದ್ದರು. ವರದಿಯನ್ನು ಗಮನವಿಟ್ಟು ಓದಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ನೋಟಿಸನ್ನೇ ರದ್ದು ಮಾಡಿತು.

ನಮ್ಮ ಕೊಡಗಿನ ಮಾತಿಗೆ ಬಂದರೆ, ಕಾಫಿ ಬೆಳೆದು ತಾವೇ ಕ್ಯೂರಿಂಗ್ ಮಾಡಿಸಿ ಮಾರಿದವರಿಗೆ 7ಬಿ ನಿಯಮದಂತೆ ಶೇ. 25 ಮಾತ್ರ ತೆರಿಗೆಗೆ ಒಳಪಟ್ಟ ಆದಾಯ. ಹುರಿದು ಪುಡಿ ಮಾಡಿದರೆ ಶೇ. 40. ಉಳಿದದ್ದು ಕೃಷಿ ಆದಾಯ. ಬ್ಯಾಂಕಿಗೆ ಬಂದ ಮೊತ್ತ ನೋಡಿದವರಿಗೆ ಇದು ಕಾಣುವುದಿಲ್ಲ. ಕಡತ ಓದುವ ಎರಡನೇ ಕಣ್ಣು ಬೇಕಾಗುವುದು ಇಲ್ಲೇ.

ನೋಟಿಸ್ ಬಂದವರು ಒಪ್ಪಿಗೆಯ ಪ್ರತಿ ಕೇಳಿ ಪಡೆಯಿರಿ. ಕೊಟ್ಟವರ ಹುದ್ದೆ, ತಾರೀಕು ನೋಡಿ. ಒಪ್ಪಿಗೆ ನೋಟಿಸಿಗಿಂತ ಈಚಿನದಾಗಿರಬಾರದು. ದೋಷ ಸಿಕ್ಕಿತೆಂದು ಸುಮ್ಮನೆ ಕೂರಬೇಡಿ, ಗಡುವಿನೊಳಗೆ ಆಕ್ಷೇಪಣೆ ಬರೆದೇ ಕೊಡಿ. ಒಂದು ಪದ ಹಿಡಿದು ಗೆದ್ದೇವು ಎನ್ನುವಂತೆಯೂ ಇಲ್ಲ, ಕೋರ್ಟು ಇಡೀ ಕಡತ ನೋಡುತ್ತದೆ. ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ. ಅದಕ್ಕೆ ಹಿಂದಿನ ವರ್ಷಗಳ ಲೆಕ್ಕಕ್ಕೆ 1961ರ ಕಾಯ್ದೆಯ ಈ ಕಲಮುಗಳೇ.