ಕಾಫಿ, ಚಹಾ ಸೇವನೆ: ಅಭ್ಯಾಸವೇ, ವ್ಯಸನವೇ?

ಪ್ರತಿನಿತ್ಯ ಕಾಫಿ ಅಥವಾ ಚಹಾ ಸೇವಿಸುವವರನ್ನು ವ್ಯಸನಿಗಳೆಂದು ಪರಿಗಣಿಸಬಹುದೇ ಎಂಬ ಪ್ರಶ್ನೆ ಸಾರ್ವಜನಿಕರಲ್ಲಿ ಆಗಾಗ್ಗೆ ಉದ್ಭವಿಸುತ್ತದೆ. ಆಡುಮಾತಿನಲ್ಲಿ "ಅವರಿಗೆ ಕಾಫಿ ಚಟ" ಎನ್ನುವುದು ಸಾಮಾನ್ಯ. ಮದ್ಯ ಮತ್ತು ತಂಬಾಕಿಗೂ ಅದೇ ಪದ ಬಳಕೆಯಲ್ಲಿರುವುದರಿಂದ ಎರಡು ಬಗೆಯ ತಪ್ಪು ತಿಳುವಳಿಕೆಗೆ ಎಡೆಯಾಗಿದೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಕಾಫಿ ಕುಡಿಯುವ ಹಿರಿಯರು ತಮಗೇನೋ ಕಾಯಿಲೆಯಿದೆಯೆಂದು ಅಳುಕುವುದುಂಟು. ಪ್ರಮಾಣವನ್ನು ನಿಜವಾಗಿಯೂ ತಗ್ಗಿಸಬೇಕಾದ ಗರ್ಭಿಣಿಯರು, ನಿದ್ರಾಹೀನತೆಯುಳ್ಳವರು "ಕಾಫಿ ತಾನೇ" ಎಂದು ಕಡೆಗಣಿಸುವುದೂ ಉಂಟು. ಆದುದರಿಂದ ಈ ವಿಷಯದಲ್ಲಿ ವೈದ್ಯಶಾಸ್ತ್ರವು ತಳೆದಿರುವ ನಿಲುವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

ಕೆಫೀನ್ ಮತ್ತು ಅದರ ಕಾರ್ಯವಿಧಾನ

ಕಾಫಿ ಬೀಜ, ಚಹಾ ಎಲೆ ಮತ್ತು ಕೋಕೋದಲ್ಲಿ ಸ್ವಾಭಾವಿಕವಾಗಿರುವ ಉತ್ತೇಜಕ ವಸ್ತುವೇ ಕೆಫೀನ್. ಇದನ್ನು 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್ಲೀಬ್ ಫರ್ಡಿನಾಂಡ್ ರುಂಗೆ ಅವರು ಕಾಫಿ ಬೀಜದಿಂದ ಬೇರ್ಪಡಿಸಿದರು. ಮನುಷ್ಯನು ಎಚ್ಚರವಾಗಿರುವಷ್ಟು ಕಾಲವೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿನ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡಾಗ ದಣಿವು ಮತ್ತು ತೂಕಡಿಕೆ ಉಂಟಾಗುತ್ತವೆ. ಕೆಫೀನ್ ಅದೇ ಗ್ರಾಹಕಗಳನ್ನು ಆಕ್ರಮಿಸಿಕೊಂಡು ಅಡೆನೊಸಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ಇದರಿಂದ ದಣಿವು ಪರಿಹಾರವಾಗುವುದಿಲ್ಲ, ಕೇವಲ ಬಾಕಿಯಾಗಿ ಮುಂದಿನ ಪುಟಕ್ಕೆ ವರ್ಗಾವಣೆಯಾಗುತ್ತದೆ.

ಸೇವಿಸಿದ ಸುಮಾರು 45 ನಿಮಿಷಗಳೊಳಗೆ ಕೆಫೀನ್ ಬಹುತೇಕ ಪೂರ್ಣವಾಗಿ ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಅದರ ಅರ್ಧ ಭಾಗ ಹೊರಹೋಗಲು ಸರಾಸರಿ 5 ಗಂಟೆ ಬೇಕಾಗುತ್ತದೆ. ಧೂಮಪಾನಿಗಳಲ್ಲಿ ಈ ಅವಧಿ ಕಡಿಮೆ. ಗರ್ಭಧಾರಣೆಯ ಕೊನೆಯ ತಿಂಗಳುಗಳಲ್ಲಿ ಹಲವು ಪಟ್ಟು ಹೆಚ್ಚು. ಸಂಜೆ 5 ಗಂಟೆಗೆ ಕುಡಿದ ಕಾಫಿಯ ಗಣನೀಯ ಭಾಗ ರಾತ್ರಿ 10 ಗಂಟೆಯಲ್ಲೂ ದೇಹದಲ್ಲಿ ಉಳಿದಿರುತ್ತದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ನಿಲ್ಲಿಸಿದಾಗ ಉಂಟಾಗುವ ತೊಂದರೆಗಳು

ನಿಯಮಿತ ಸೇವನೆಗೆ ದೇಹವು ಹೊಂದಿಕೊಳ್ಳುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಮ್ಮೆಲೇ ನಿಲ್ಲಿಸಿದಾಗ ಅವು ಹಿಗ್ಗಿ ತಲೆನೋವು ಬರುತ್ತದೆ. ತಲೆನೋವಿನ ಜೊತೆಗೆ ಆಯಾಸ, ಸಿಡುಕು, ಏಕಾಗ್ರತೆಯ ಕೊರತೆ, ಮಂಕುತನ, ಕೆಲವರಲ್ಲಿ ವಾಕರಿಕೆ ಮತ್ತು ಮೈಕೈ ನೋವು ಕಾಣಿಸಬಹುದು. ಈ ಹಿಂತೆಗೆತದ ಲಕ್ಷಣಗಳು ಕೊನೆಯ ಸೇವನೆಯ 12ರಿಂದ 24 ಗಂಟೆಗಳೊಳಗೆ ಆರಂಭವಾಗಿ, ಒಂದೆರಡು ದಿನಗಳಲ್ಲಿ ತೀವ್ರಗೊಂಡು, 2ರಿಂದ 9 ದಿನಗಳಲ್ಲಿ ತಾವಾಗಿಯೇ ಶಮನಗೊಳ್ಳುತ್ತವೆ. ದಿನಕ್ಕೆ ಸುಮಾರು 100 ಮಿ.ಗ್ರಾಂ, ಎಂದರೆ ಒಂದೇ ಲೋಟ ಗಟ್ಟಿ ಕಾಫಿ ಕುಡಿಯುವವರಲ್ಲಿಯೂ ಇವು ಕಂಡುಬಂದಿವೆ.

ಏಕಾದಶಿ ಉಪವಾಸದ ದಿನ ಅಥವಾ ರಂಜಾನ್ ಮಾಸದ ಮೊದಲ ದಿನಗಳಲ್ಲಿ ಬರುವ ತಲೆನೋವನ್ನು ಜನರು ಹಸಿವಿಗೆ ಮಾತ್ರ ಆರೋಪಿಸುವುದು ರೂಢಿ. ವಾಡಿಕೆಯ ಕಾಫಿ, ಚಹಾ ತಪ್ಪಿರುವುದೂ ಅದರ ಕಾರಣಗಳಲ್ಲೊಂದಾಗಿರಬಹುದು. ಶಸ್ತ್ರಚಿಕಿತ್ಸೆಗಾಗಿ ಖಾಲಿ ಹೊಟ್ಟೆಯಲ್ಲಿದ್ದವರಿಗೆ ನಂತರ ತಲೆನೋವು ಬಂದರೆ ತಮ್ಮ ಕಾಫಿ ಅಭ್ಯಾಸವನ್ನು ವೈದ್ಯರಿಗೆ ತಿಳಿಸುವುದು ಸೂಕ್ತ. ಅನಾವಶ್ಯಕ ಪರೀಕ್ಷೆಗಳು ಇದರಿಂದ ತಪ್ಪಬಹುದು. ಅಂಗಡಿಗಳಲ್ಲಿ ದೊರೆಯುವ ಕೆಲವು ತಲೆನೋವಿನ ಮಾತ್ರೆಗಳಲ್ಲಿಯೂ ಕೆಫೀನ್ ಸೇರಿರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಬೆಳಗಿನ ಮೊದಲ ಲೋಟ ನೀಡುವ ಉಲ್ಲಾಸದ ಒಂದು ಪಾಲು ರಾತ್ರಿಯಿಡೀ ಕೆಫೀನ್ ಇಲ್ಲದ್ದರಿಂದ ಆದ ಮಂಕುತನ ನಿವಾರಣೆಯಾಗುವುದೇ ಆಗಿದೆ ಎಂದು ಅನೇಕ ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ.

ಹಾಗಾದರೆ ಇದು ವ್ಯಸನವೇ?

ದೇಹವು ಒಂದು ವಸ್ತುವಿಗೆ ಹೊಂದಿಕೊಂಡಿರುವುದು ಬೇರೆ, ವ್ಯಕ್ತಿಯು ಆ ವಸ್ತುವಿನ ಮೇಲಿನ ಹತೋಟಿಯನ್ನು ಕಳೆದುಕೊಂಡಿರುವುದು ಬೇರೆ. ಮೊದಲನೆಯದು ದೈಹಿಕ ಅವಲಂಬನೆ. ಎರಡನೆಯದನ್ನು ಮಾತ್ರ ವ್ಯಸನವೆಂದು ಕರೆಯುವುದು ಸರಿಯಾದ ಕ್ರಮ. ಸಂಸಾರ, ಉದ್ಯೋಗ, ಆರೋಗ್ಯ ಕೆಡುತ್ತಿದ್ದರೂ ಬಿಡಲಾಗದೆ ಮುಂದುವರಿಸುವುದು ವ್ಯಸನದ ಮುಖ್ಯ ಲಕ್ಷಣ. ಕಾಫಿಪುಡಿಯ ಸಲುವಾಗಿ ಮನೆಯ ಪಾತ್ರೆ ಒತ್ತೆಯಿಟ್ಟವರು ವಿರಳ.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿ.ಎಸ್.ಎಂ.-5 ಎಂಬ ಕೈಪಿಡಿಯಲ್ಲಿ ಕೆಫೀನ್ ಅಮಲು ಮತ್ತು ಕೆಫೀನ್ ಹಿಂತೆಗೆತ ಇವೆರಡನ್ನೂ ರೋಗನಿರ್ಣಯಗಳಾಗಿ ಅಂಗೀಕರಿಸಲಾಗಿದೆ. ಆದರೆ "ಕೆಫೀನ್ ಬಳಕೆಯ ಅಸ್ವಸ್ಥತೆ"ಯನ್ನು ಇನ್ನೂ ಅಧ್ಯಯನವಾಗಬೇಕಾದ ವಿಷಯಗಳ ಪಟ್ಟಿಯಲ್ಲಿರಿಸಲಾಗಿದ್ದು, 2022ರ ಪರಿಷ್ಕೃತ ಆವೃತ್ತಿಯಲ್ಲಿಯೂ ಅದು ಅಲ್ಲಿಯೇ ಉಳಿದಿದೆ. ಇದಕ್ಕೆ ಸೂಚಿಸಿರುವ ಮಾನದಂಡ ಕಠಿಣವಾದುದು. ಕಡಿಮೆ ಮಾಡಬೇಕೆಂಬ ನಿರಂತರ ಬಯಕೆ ಅಥವಾ ವಿಫಲ ಪ್ರಯತ್ನ, ಕೆಫೀನ್‌ನಿಂದಲೇ ತೊಂದರೆಯಾಗುತ್ತಿದೆಯೆಂದು ತಿಳಿದೂ ಸೇವನೆ, ಹಾಗೂ ಹಿಂತೆಗೆತದ ಲಕ್ಷಣ, ಈ ಮೂರೂ ಒಟ್ಟಿಗೇ ಇರತಕ್ಕದ್ದು. ಇತರ ಮಾದಕ ವಸ್ತುಗಳಿಗೆ ಹನ್ನೊಂದರಲ್ಲಿ ಯಾವುದೇ ಎರಡು ಲಕ್ಷಣಗಳು ಸಾಕಾಗುತ್ತವೆ. ಅದೇ ಅಳತೆಗೋಲನ್ನು ಕಾಫಿಗೂ ಬಳಸಿದ್ದಲ್ಲಿ ಯಾವ ತೊಂದರೆಯೂ ಇಲ್ಲದ ಅಸಂಖ್ಯಾತ ಜನರು ರೋಗಿಗಳೆನಿಸಿಕೊಳ್ಳುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯು ಐ.ಸಿ.ಡಿ.-10ರಲ್ಲಿ ಕೆಫೀನನ್ನು ಇತರ ಉತ್ತೇಜಕಗಳೊಡನೆ ಒಂದೇ ಶೀರ್ಷಿಕೆಯಡಿ ಸೇರಿಸಿತ್ತು. ದಿನಾಂಕ 1-1-2022ರಿಂದ ಜಾರಿಗೆ ಬಂದ ಐ.ಸಿ.ಡಿ.-11ರಲ್ಲಿ ಅದಕ್ಕೆ ಪ್ರತ್ಯೇಕ ಶೀರ್ಷಿಕೆ ನೀಡಲಾಗಿದೆ. ಸದರಿ ಶೀರ್ಷಿಕೆಯಡಿ ಹಾನಿಕರ ಬಳಕೆ, ಅಮಲು ಮತ್ತು ಹಿಂತೆಗೆತಗಳಿವೆಯೇ ಹೊರತು, ಮದ್ಯ ಅಥವಾ ನಿಕೋಟಿನ್‌ಗೆ ಇರುವಂತೆ ಅವಲಂಬನೆ ಎಂಬ ಉಪಶೀರ್ಷಿಕೆ ಇರುವುದಿಲ್ಲ. ಸಾಮಾನ್ಯ ಪ್ರಮಾಣದ ನಿತ್ಯ ಸೇವನೆಯನ್ನು ಈ ಎರಡು ಪಟ್ಟಿಗಳ ಪೈಕಿ ಯಾವುದೂ ವ್ಯಸನವೆಂದು ಹೇಳುವುದಿಲ್ಲ. ಅದಾಗ್ಯೂ, ಮೇಲ್ಕಂಡ ಮೂರೂ ಲಕ್ಷಣಗಳುಳ್ಳ ವ್ಯಕ್ತಿಗಳು ಇದ್ದಾರೆ. ಅವರ ಬವಣೆಯನ್ನು ಹಾಸ್ಯ ಮಾಡಿ ತಳ್ಳಿಹಾಕುವುದು ಸರಿಯಲ್ಲ.

ಪ್ರಮಾಣ

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳನ್ನೊಳಗೊಂಡ ಕರ್ನಾಟಕದ್ದಾಗಿದ್ದು, ಬೀಜದ ತಳಿಯಲ್ಲಿಯೇ ವ್ಯತ್ಯಾಸ ಆರಂಭವಾಗುತ್ತದೆ. ರೋಬಸ್ಟಾದಲ್ಲಿ ಅರೇಬಿಕಾದ ಸರಿಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇರುವುದಿಲ್ಲ. ಆದ್ದರಿಂದ ಚಿಕೋರಿ ಬೆರೆತ ಪುಡಿಯ ಡಿಕಾಕ್ಷನ್ ಎಷ್ಟೇ ಕಪ್ಪಾಗಿ, ಕಹಿಯಾಗಿ ಕಂಡರೂ ಅದೇ ತೂಕದ ಶುದ್ಧ ಕಾಫಿಪುಡಿಯದಕ್ಕಿಂತ ಅದರಲ್ಲಿ ಕೆಫೀನ್ ಕಡಿಮೆಯೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಂತೆ, 150 ಮಿ.ಲೀ. ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ. ದಿನದ ಒಟ್ಟು ಸೇವನೆ 300 ಮಿ.ಗ್ರಾಂ ಮೀರದಿರುವಂತೆ ಸದರಿ ಮಾರ್ಗಸೂಚಿ ಸಲಹೆ ನೀಡಿದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರದ ಒಂದು ಗಂಟೆ ಕಾಫಿ, ಚಹಾ ಸೇವಿಸಬಾರದೆಂದೂ ಅದು ತಿಳಿಸುತ್ತದೆ. ಇವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ರಕ್ತಹೀನತೆ ಇರುವ ಮಹಿಳೆಯರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ 400 ಮಿ.ಗ್ರಾಂ, ಗರ್ಭಿಣಿಯರಿಗೆ 200 ಮಿ.ಗ್ರಾಂ ಮಿತಿಯನ್ನು ಸೂಚಿಸಿದೆ.

ವಿಶೇಷ ಎಚ್ಚರಿಕೆ ಅಗತ್ಯವಿರುವವರು

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಮಕ್ಕಳ ಜೊತೆಗೆ, ಆತಂಕದ ಕಾಯಿಲೆ, ನಿದ್ರಾಹೀನತೆ ಹಾಗೂ ಹೃದಯ ಬಡಿತದ ಏರುಪೇರು ಇರುವವರು ಪ್ರಮಾಣದ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು. ಮನೋವೈದ್ಯರು ನೀಡುವ ಲಿಥಿಯಂ ಮಾತ್ರೆ ಸೇವಿಸುತ್ತಿರುವವರು ಕಾಫಿಯನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುವ ಅಪಾಯವಿದೆ. ಬೀಡಿ, ಸಿಗರೇಟು ಬಿಟ್ಟವರಲ್ಲಿ ಅದೇ ಪ್ರಮಾಣದ ಕಾಫಿ ಮೊದಲಿಗಿಂತ ಹೆಚ್ಚು ಕಾಲ ದೇಹದಲ್ಲಿ ಉಳಿಯುವುದರಿಂದ ಚಡಪಡಿಕೆ ಹೆಚ್ಚಬಹುದು. ಅದನ್ನು ತಂಬಾಕು ಬಿಟ್ಟುದರ ತೊಂದರೆಯೆಂದೇ ಭಾವಿಸಿ ಮತ್ತೆ ಬೀಡಿ ಹಚ್ಚುವ ಬದಲು ಕಾಫಿಯನ್ನು ತಗ್ಗಿಸಿ ನೋಡುವುದು ಮೇಲು.

ಪರೀಕ್ಷಾ ಕಾಲದಲ್ಲಿ ಯುವಕರು ಬಳಸುವ ಶಕ್ತಿ ಪೇಯಗಳ ಡಬ್ಬಿಯ ಮೇಲೆ ಕೆಫೀನ್ ಹೆಚ್ಚಿರುವ ಬಗ್ಗೆ ಹಾಗೂ ಮಕ್ಕಳು, ಗರ್ಭಿಣಿಯರು ಸೇವಿಸಬಾರದೆಂಬ ಬಗ್ಗೆ ಎಚ್ಚರಿಕೆ ಮುದ್ರಿತವಾಗಿರುತ್ತದೆ, ಓದಿ ನೋಡುವುದು. ಶುದ್ಧ ಕೆಫೀನ್ ಪುಡಿಯು ಇವೆಲ್ಲಕ್ಕಿಂತ ಅಪಾಯಕಾರಿ. ಅದರ ಒಂದೆರಡು ಚಮಚ ಪ್ರಾಣಕ್ಕೇ ಮಾರಕವಾಗಬಲ್ಲದು.

ಕಡಿಮೆ ಮಾಡುವ ವಿಧಾನ

ಒಂದೇ ದಿನ ಪೂರ್ತಿ ನಿಲ್ಲಿಸುವುದಕ್ಕಿಂತ ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಇಳಿಸುವುದರಿಂದ ತಲೆನೋವು ತಪ್ಪುತ್ತದೆ ಅಥವಾ ಸೌಮ್ಯವಾಗಿರುತ್ತದೆ. ಮೊದಲಿಗೆ ಸಂಜೆಯ ಲೋಟವನ್ನು ಕೈಬಿಡುವುದು ನಿದ್ರೆಯ ದೃಷ್ಟಿಯಿಂದ ಲಾಭದಾಯಕ. ಮಲಗುವ ಆರು ಗಂಟೆ ಮೊದಲು 400 ಮಿ.ಗ್ರಾಂ ಕೆಫೀನ್ ಸೇವಿಸಿದವರ ನಿದ್ರೆ ಒಂದು ಗಂಟೆಗೂ ಹೆಚ್ಚು ಕಡಿತವಾದುದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಡಿಕಾಕ್ಷನ್ ಪಾಲನ್ನು ಇಳಿಸಿ ಹಾಲಿನ ಪಾಲನ್ನು ಏರಿಸುವುದು ಇನ್ನೊಂದು ಮಾರ್ಗ. ನಮ್ಮ ಹೋಟೆಲುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ "ಬೈ-ಟೂ" ಪದ್ಧತಿಯು ಮಿತವ್ಯಯಕ್ಕಾಗಿ ಬಂದುದಾದರೂ ಇಲ್ಲಿಯೂ ಉಪಯುಕ್ತ. ಕೆಫೀನ್ ತೆಗೆದ ಕಾಫಿಯಲ್ಲಿಯೂ ಅಲ್ಪ ಪ್ರಮಾಣ ಉಳಿದಿರುತ್ತದೆ.

ಹಲವು ಬಾರಿ ಪ್ರಯತ್ನಿಸಿಯೂ ಕಡಿಮೆ ಮಾಡಲಾಗದವರು, ಎದೆಬಡಿತ ಅಥವಾ ನಿದ್ರಾಭಂಗದಿಂದ ಬಳಲುವವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು. ಮಾನಸಿಕ ಆರೋಗ್ಯ ಸಂಬಂಧ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ವೈದ್ಯರನ್ನು ಕಾಣುವ ಮುನ್ನ ಒಂದು ವಾರ ಕಾಲ ಕುಡಿದ ಕಾಫಿ, ಚಹಾ, ತಂಪು ಪಾನೀಯ ಹಾಗೂ ನುಂಗಿದ ತಲೆನೋವಿನ ಮಾತ್ರೆಗಳನ್ನು ವೇಳೆಸಹಿತ ಬರೆದಿಟ್ಟು ಜೊತೆಯಲ್ಲಿ ಒಯ್ಯತಕ್ಕದ್ದು.