ನವಶಾಸ್ತ್ರೀಯ ಪಿಯಾನೊ ಸಂಗೀತ: ಅದರ ಭಾವಶಕ್ತಿಯ ಇತಿಹಾಸ

ನವಶಾಸ್ತ್ರೀಯ ಪಿಯಾನೊ ಸಂಗೀತವೆಂದರೆ ಇಪ್ಪತ್ತನೆಯ ಶತಮಾನದ ಕೊನೆಗೆ ಯೂರೋಪಿನಲ್ಲಿ ರೂಪುಗೊಂಡು ಮುಂದಿನ ಎರಡು ದಶಕಗಳಲ್ಲಿ ಜಗತ್ತಿನಾದ್ಯಂತ ಕೇಳುಗರನ್ನು ಪಡೆದ ವಾದ್ಯಸಂಗೀತ. ಹೆಚ್ಚಿನ ರಚನೆಗಳು ಒಂಟಿ ಪಿಯಾನೊಗಾಗಿ ಬರೆದವು. ನಿಧಾನ ಲಯ, ಮೆಲುದನಿ, ಮತ್ತೆ ಮತ್ತೆ ಬರುವ ಚಿಕ್ಕ ಸ್ವರಪಂಕ್ತಿಗಳು, ಸರಳ ಹಾರ್ಮನಿ, ವಾದ್ಯದ ತೀರ ಹತ್ತಿರ ಮೈಕ್ ಇಟ್ಟು ಮಾಡುವ ಧ್ವನಿಮುದ್ರಣ ಇದರ ಲಕ್ಷಣಗಳು. ಇಟಲಿಯ ಲುಡೊವಿಕೊ ಐನೌದಿ, ಜರ್ಮನಿಯ ನಿಲ್ಸ್ ಫ್ರಾಮ್, ಐಸ್‌ಲೆಂಡಿನ ಓಲಾವುರ್ ಆರ್ನಾಲ್ಡ್ಸ್, ನೆದರ್ಲೆಂಡ್ಸಿನ ಯೂಪ್ ಬೇವಿಂಗ್ ಈ ಪ್ರಕಾರದ ಪ್ರಮುಖರು. 1920ರ ಸುಮಾರಿಗೆ ಸ್ಟ್ರಾವಿನ್‌ಸ್ಕಿ ಮೊದಲಾದವರು ಹದಿನೆಂಟನೆಯ ಶತಮಾನದ ಮಾದರಿಗಳಿಗೆ ಮರಳಿದ ಪಂಥಕ್ಕೂ ಇದೇ ಹೆಸರಿದೆ. ಇವೆರಡಕ್ಕೆ ನೇರ ಸಂಬಂಧವಿಲ್ಲ.

ಈ ಸಂಗೀತ ಕೇಳುವಾಗ ಕಣ್ಣು ತುಂಬಿಬಂತೆಂದು ಹೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅದಕ್ಕೆ ಕಾರಣ ಮಧುರವಾದ ಧಾಟಿ ಎಂದು ಹೇಳಿಬಿಡುವುದು ಸುಲಭ. ಆದರೆ ಇದಕ್ಕಿಂತ ಮಧುರವಾದ ಧಾಟಿಗಳು ಷೋಪಾನ್‌ನಲ್ಲಿ, ಶೂಬರ್ಟ್‌ನಲ್ಲಿ ಬೇಕಾದಷ್ಟಿವೆ. ಈ ಪ್ರಕಾರ ಹೊಸದಾಗಿ ಕೇಳಿಸಿದ್ದು ಸ್ವರವೊಂದು ಆರಿಹೋಗುವ ಬಗೆಯನ್ನು. ಅದರ ಇತಿಹಾಸವನ್ನು ಈ ದಾರಿಯಲ್ಲಿ ನೋಡಿದರೆ ಅದರ ಶಕ್ತಿ ಚೆನ್ನಾಗಿ ತಿಳಿಯುತ್ತದೆ.

ವಾದ್ಯದ ಗುಣ

ಪಿಟೀಲಿನ ಕಮಾನು ಸ್ವರವನ್ನು ಹಿಡಿದು ಬೆಳೆಸಬಲ್ಲದು. ಕಂಠ ಅದನ್ನು ಅಲುಗಿಸಬಲ್ಲದು. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನೆಳೆದು ಗಮಕ ತರಬಹುದು. ಪಿಯಾನೊದಲ್ಲಿ ಇದಾವುದೂ ಸಾಧ್ಯವಿಲ್ಲ. ಕೀ ಒತ್ತಿದೊಡನೆ ಫೆಲ್ಟ್ ಹೊದಿಸಿದ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆ ಕ್ಷಣದಿಂದಲೇ ನಾದ ಇಳಿಯತೊಡಗುತ್ತದೆ. ಎಷ್ಟು ಬಲವಾಗಿ ಬಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದಷ್ಟೇ ವಾದಕರ ಕೈಯಲ್ಲಿದೆ. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಈ ವಾದ್ಯವನ್ನು ಕಟ್ಟಿದ. ಆಮೇಲಿನ ಎರಡು ಶತಮಾನ ತಯಾರಕರು ಅದರ ದನಿಯನ್ನು ಹಿಗ್ಗಿಸುತ್ತಲೇ ಹೋದರು. ಬೀಡುಕಬ್ಬಿಣದ ಚೌಕಟ್ಟು, ದಪ್ಪನೆಯ ತಂತಿ, ಬಿಗಿಯಾದ ಎಳೆತ ಬಂದು, ಕೋಣೆಯ ವಾದ್ಯ ಸಾವಿರಾರು ಜನ ಕೂರುವ ಸಭಾಂಗಣವನ್ನು ತುಂಬುವಂತಾಯಿತು.

88 ಕೀಗಳ ಈ ವಾದ್ಯದಲ್ಲಿ ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿಗಳಿವೆ. ಕುದುರೆಯ ಮೂಲಕ ಈ ತಂತಿಗಳ ಕಂಪನ ಒಂದಕ್ಕೊಂದು ತಾಕುವುದರಿಂದ ನಾದ ಎರಡು ಹಂತಗಳಲ್ಲಿ ಇಳಿಯುತ್ತದೆ ಎಂದು ಭೌತವಿಜ್ಞಾನಿ ಗೇಬ್ರಿಯಲ್ ವೈನ್‌ರೈಕ್ 1977ರಲ್ಲಿ ವಿವರಿಸಿದರು. ಮೊದಲು ಜೋರಾಗಿ ಎದ್ದು ಬೇಗ ಕುಸಿಯುವ ಭಾಗ. ಅದರ ಬೆನ್ನಿಗೆ ಸಣ್ಣದಾಗಿ ಬಹಳ ಹೊತ್ತು ಉಳಿಯುವ ಅನುರಣನ. ಗ್ರ್ಯಾಂಡ್ ಪಿಯಾನೊದ ಎಡ ಪೆಡಲ್ ಒತ್ತಿದರೆ ಸುತ್ತಿಗೆಗಳು ಪಕ್ಕಕ್ಕೆ ಸರಿದು ಒಂದು ತಂತಿಯನ್ನು ಬಿಟ್ಟು ಬಡಿಯುತ್ತವೆ. ಆಗ ಮೊದಲ ಭಾಗ ತಗ್ಗಿ ಅನುರಣನದ ಪಾಲು ಹೆಚ್ಚುತ್ತದೆ. ನವಶಾಸ್ತ್ರೀಯ ಪಿಯಾನೊದ ಮನೆ ಇರುವುದು ಈ ಎರಡನೆಯ ಹಂತದಲ್ಲಿ.

ಸಾಟಿಯಿಂದ ಗ್ಲಾಸ್‌ವರೆಗೆ

ಮೆಲುದನಿಯ ಪಿಯಾನೊ ರಚನೆಗಳು ಐರ್ಲೆಂಡಿನ ಜಾನ್ ಫೀಲ್ಡ್ ಬರೆದ ನಾಕ್ಟರ್ನ್‌ಗಳ ಕಾಲದಿಂದಲೂ ಇವೆ. ಷೋಪಾನ್ ಆ ರೂಪವನ್ನು ಎತ್ತರಕ್ಕೇರಿಸಿದ. ಆದರೆ ಅವನ ಎಡಗೈ ಎಷ್ಟೇ ಮೆತ್ತಗೆ ನಡೆದರೂ ಬಲಗೈ ಹಾಡುಗಾರ್ತಿಯ ಹಾಗೆ ಕಥೆಯೊಂದನ್ನು ಮುಂದಕ್ಕೆ ಒಯ್ಯುತ್ತಿರುತ್ತದೆ. ಕಥೆಯನ್ನೇ ಬಿಟ್ಟುಕೊಟ್ಟವನು ಫ್ರಾನ್ಸಿನ ಎರಿಕ್ ಸಾಟಿ (1866–1925). ಅವನ ಮೂರು ‘ಜಿಮ್ನೊಪೆದಿ’ಗಳು 1888ರವು. ಮೊದಲನೆಯದರಲ್ಲಿ ಎಡಗೈ ಎರಡು ಮೇಜರ್ ಸೆವೆಂತ್ ಸ್ವರಗುಚ್ಛಗಳ ನಡುವೆ ಓಲಾಡುತ್ತದೆ. ಮೇಜರ್ ಸಂತೋಷಕ್ಕೆ, ಮೈನರ್ ದುಃಖಕ್ಕೆ ಎಂಬ ಪಾಶ್ಚಾತ್ಯ ಕಿವಿಯ ರೂಢಿ ಅಲ್ಲಿ ನಿಲ್ಲುವುದಿಲ್ಲ. ಮೇಜರ್ ಗುಚ್ಛದ ನೆತ್ತಿಯ ಮೇಲೆ ಕೂತ ಏಳನೆಯ ಸ್ವರ ಅದರ ನಗುವನ್ನು ಮಸುಕುಗೊಳಿಸುತ್ತದೆ. ನಿಧಾನವಾಗಿ, ನೋವಿನಿಂದ ನುಡಿಸಬೇಕೆಂದು ಸಾಟಿ ಬರೆದಿಟ್ಟಿದ್ದಾನೆ. ಸ್ವರಗಳು ಮಾತ್ರ ಅಳುವುದಿಲ್ಲ. ನೂರ ಮೂವತ್ತು ವರ್ಷಗಳ ನಂತರದ ಅಸಂಖ್ಯಾತ ಪಿಯಾನೊ ತುಣುಕುಗಳ ಭಾವ ಇಲ್ಲೇ ಸಿದ್ಧವಾಗಿದೆ.

ಎರಡನೆಯ ಮೂಲ ಅಮೆರಿಕದ ಮಿನಿಮಲ್ ಸಂಗೀತ. ಟೆರ್ರಿ ರೈಲಿಯ ‘ಇನ್ ಸಿ’ (1964), ಸ್ಟೀವ್ ರೈಕ್‌ರ ‘ಪಿಯಾನೊ ಫೇಸ್’ (1967) ಆವರ್ತನೆಯನ್ನೇ ರಚನೆಯ ಜೀವವಾಗಿಸಿದವು. ಇಲ್ಲಿ ಭಾರತದ ಋಣ ನೇರವಾಗಿದೆ. 1960ರ ದಶಕದ ನಡುವೆ ಪ್ಯಾರಿಸ್ಸಿನಲ್ಲಿ ಚಿತ್ರವೊಂದಕ್ಕಾಗಿ ಪಂಡಿತ್ ರವಿಶಂಕರರ ಸಂಗೀತವನ್ನು ಪಾಶ್ಚಾತ್ಯ ಲಿಪಿಗಿಳಿಸುವ ಕೆಲಸ ಫಿಲಿಪ್ ಗ್ಲಾಸ್‌ಗೆ ಸಿಕ್ಕಿತು. ಚಿಕ್ಕ ಮಾತ್ರೆಗಳನ್ನು ಕೂಡಿಸುತ್ತಾ ಲಯ ಕಟ್ಟುವ ಬಗೆಯನ್ನು ಅವರು ರವಿಶಂಕರ್ ಮತ್ತು ತಬಲಾ ವಾದಕ ಅಲ್ಲಾ ರಖಾ ಅವರಿಂದ ಕಲಿತರು. ರೈಲಿ 1970ರಿಂದ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾನಾ ಘರಾಣೆಯವರು; ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಮೂಲಕ ಕನ್ನಡನಾಡು ತನ್ನದೆಂದು ತಿಳಿದಿರುವ ಘರಾಣೆಯೇ ಅದು. ಒಂದೇ ಸ್ವರದ ಮೇಲೆ ನಿಂತು ಅದನ್ನು ಪೂರ್ತಿ ಅರಳಿಸುವ ಕಿರಾನಾದ ತಾಳ್ಮೆ ಅಮೆರಿಕದ ಮಿನಿಮಲ್ ಸಂಗೀತದೊಳಗೆ ಹರಿದುಬಂದಿದೆ. ಗ್ಲಾಸ್‌ರ ಪಿಯಾನೊ ರಚನೆ ‘ಮೆಟಮಾರ್ಫಸಿಸ್’ (1988) ಇಂದಿಗೂ ಹೊಸ ವಾದಕರಿಗೆ ಪಾಠವಾಗಿದೆ. ಅದರ ಶೋಕ ಎಲ್ಲೂ ಉಕ್ಕುವುದಿಲ್ಲ. ಅದೇ ಪಂಕ್ತಿ ಮರಳಿ ಬಂದಾಗಲೆಲ್ಲ ಕೇಳುಗರ ಮನಸ್ಸು ಸ್ವಲ್ಪ ಬದಲಾಗಿರುತ್ತದೆ.

ಪ್ಯಾರ್ಟ್‌ನ ಎರಡು ಪುಟಗಳು

ಈ ಪರಂಪರೆಯ ಅತ್ಯುತ್ತಮ ಕೃತಿಯೊಂದನ್ನೇ ಆರಿಸಬೇಕಾದರೆ ಎಸ್ಟೋನಿಯದ ಆರ್ವೊ ಪ್ಯಾರ್ಟ್ 1976ರಲ್ಲಿ ಬರೆದ ‘ಫ್ಯೂರ್ ಅಲೀನಾ’ವನ್ನು ಆರಿಸಬೇಕು. ಎಸ್ಟೋನಿಯ ಆಗ ಸೋವಿಯತ್ ಒಕ್ಕೂಟದಲ್ಲಿತ್ತು. 1968ರ ‘ಕ್ರೆಡೊ’ ಎಂಬ ಧಾರ್ಮಿಕ ಕೃತಿ ಅಧಿಕಾರಿಗಳ ಅಸಮಾಧಾನಕ್ಕೆ ಗುರಿಯಾದ ಮೇಲೆ ಪ್ಯಾರ್ಟ್ ಎಂಟು ವರ್ಷ ಬಹುಮಟ್ಟಿಗೆ ಮೌನವಾಗಿದ್ದು ಮಧ್ಯಯುಗದ ಚರ್ಚ್ ಗಾಯನವನ್ನು ಅಭ್ಯಾಸ ಮಾಡಿದರು. ಆ ಮೌನವನ್ನು ಮುರಿದ ಈ ರಚನೆಯ ಲಿಪಿ ಎರಡೇ ಪುಟ. ಲಂಡನ್ನಿನಲ್ಲಿ ನೆಲೆಸಿದ್ದ ಒಬ್ಬ ಯುವತಿಗೆ ಅದನ್ನು ಅರ್ಪಿಸಿದ್ದಾರೆ. ಗಡಿ ದಾಟಲಾಗದ ಆ ಕಾಲದಲ್ಲಿ ಮಗಳಿಂದ ದೂರ ಉಳಿದ ತಾಯಿಗೆ ಅದು ಸಮಾಧಾನದ ಮಾತೂ ಹೌದು.

ಪ್ಯಾರ್ಟ್ ತಮ್ಮ ವಿಧಾನಕ್ಕೆ ಕೊಟ್ಟ ಹೆಸರು ‘ಟಿಂಟಿನ್ನಾಬುಲಿ’, ಕಿರುಗಂಟೆಗಳ ನಾದ. ಮಂದ್ರದಲ್ಲಿ ಬಿ ಸ್ವರವನ್ನು ನುಡಿಸಿ ಪೆಡಲ್ ಹಿಡಿದಿಟ್ಟರೆ ಅದರ ಗುಂಗು ಉಳಿಯುತ್ತದೆ. ತಂಬೂರಿಗೆ ಒಗ್ಗಿದ ಕಿವಿಗೆ ಇದು ಪರಿಚಿತ. ಮೇಲೆ ಎರಡು ಎಳೆಗಳು ಒಟ್ಟಿಗೆ ಸಾಗುತ್ತವೆ. ಒಂದು ಎಳೆ ಸ್ವರದಿಂದ ನೆರೆಯ ಸ್ವರಕ್ಕೆ ಹೆಜ್ಜೆಯಿಡುತ್ತದೆ, ಇನ್ನೊಂದು ಬಿ ಮೈನರ್ ಗುಚ್ಛದ ಮೂರು ಸ್ವರಗಳನ್ನು ಬಿಟ್ಟು ಕದಲುವುದಿಲ್ಲ. ಒಂದೊಂದು ಆವರ್ತಕ್ಕೂ ಒಂದೊಂದು ಸ್ವರ ಹೆಚ್ಚುತ್ತಾ ಹೋಗಿ ಮತ್ತೆ ಒಂದೊಂದೇ ಕಡಿಮೆಯಾಗುತ್ತದೆ. ಇಷ್ಟು ಕಟ್ಟುನಿಟ್ಟಿನ ಲೆಕ್ಕ ಇಷ್ಟೊಂದು ಕರುಣೆಯನ್ನು ಹೇಗೆ ಹುಟ್ಟಿಸುತ್ತದೆ? ಎರಡು ಎಳೆಗಳು ಕೆಲವೆಡೆ ಹೊಂದುತ್ತವೆ, ಕೆಲವೆಡೆ ಒರಸಿಕೊಳ್ಳುತ್ತವೆ. ಆ ಒರಸಾಟವನ್ನು ಮರೆಮಾಚಲು ಅಲ್ಲಿ ಬೇರೆ ಯಾವ ದನಿಯೂ ಇಲ್ಲ. ಸ್ವರ ಆರುವವರೆಗೂ ಅದನ್ನು ಕೇಳಲೇಬೇಕು. ಅಗಲಿಕೆಯನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಹೇಳಿದ ಪಿಯಾನೊ ಕೃತಿ ಮತ್ತೊಂದಿಲ್ಲ.

ಜನಪ್ರಿಯತೆ

ಅಪಾರ ಜನರಿಗೆ ಈ ಧ್ವನಿಯನ್ನು ಮುಟ್ಟಿಸಿದ್ದು ಸಿನಿಮಾ. ಜೇನ್ ಕ್ಯಾಂಪಿಯನ್ ನಿರ್ದೇಶಿಸಿದ ‘ದ ಪಿಯಾನೊ’ (1993) ಚಿತ್ರದ ನಾಯಕಿ ಮಾತಾಡದವಳು. ಅವಳ ಮಾತೆಲ್ಲ ಪಿಯಾನೊದಲ್ಲಿ. ಮೈಕೆಲ್ ನೈಮನ್ ಅವಳಿಗಾಗಿ ಸ್ಕಾಟಿಷ್ ಜಾನಪದ ಧಾಟಿಗಳನ್ನು ಆಧರಿಸಿ ಬರೆದರು, ನಟಿ ಹಾಲಿ ಹಂಟರ್ ಅವನ್ನು ತಾವೇ ನುಡಿಸಿದರು. 2001ರ ‘ಅಮೆಲಿ’ ಯಾನ್ ಟಿಯರ್ಸನ್‌ರ ರಚನೆಗಳನ್ನು ಮನೆಮನೆಗೆ ತಲುಪಿಸಿತು. ಜಪಾನಿನಲ್ಲಿ ರ್ಯೂಯಿಚಿ ಸಕಾಮೊಟೊ ಅವರ ‘ಎನರ್ಜಿ ಫ್ಲೋ’ 1999ರಲ್ಲಿ ಆ ದೇಶದ ಒರಿಕಾನ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೊದಲ ವಾದ್ಯಸಂಗೀತ ಸಿಂಗಲ್ ಆಯಿತು. ಜಾಹೀರಾತೊಂದಕ್ಕೆ ಬರೆದ ತುಣುಕದು.

ಐನೌದಿ (ಜನನ 1955, ಟ್ಯೂರಿನ್) ಕಲಿತದ್ದು ಕಠಿಣ ಪ್ರಯೋಗಗಳಿಗೆ ಹೆಸರಾದ ಲುಚಿಯಾನೊ ಬೆರಿಯೊ ಅವರ ಬಳಿ. ಹಿಡಿದದ್ದು ಅದಕ್ಕೆ ತೀರ ಬೇರೆಯಾದ ದಾರಿ. ವರ್ಜೀನಿಯಾ ವುಲ್ಫ್‌ರ ಕಾದಂಬರಿಯ ಪ್ರೇರಣೆಯ ‘ಲೆ ಒಂದೆ’ (1996) ಅವರಿಗೆ ಹೆಸರು ತಂದಿತು. 2004ರ ‘ನುವೊಲೆ ಬಿಯಾಂಕೆ’ ಪ್ರಾಯಶಃ ಈ ಪ್ರಕಾರದಲ್ಲೇ ಅತ್ಯಂತ ಹೆಚ್ಚು ಕೇಳಿದ ಕೃತಿಗಳಲ್ಲೊಂದು. ಅದರ ಬಹುಭಾಗ ನಾಲ್ಕು ಸ್ವರಗುಚ್ಛಗಳ ಚಕ್ರ. ಪಾಪ್ ಹಾಡುಗಳಲ್ಲಿ ಸವೆದುಹೋದ ಜೋಡಣೆಯೇ ಆದ್ದರಿಂದ ಮುಂದೇನು ಬರುತ್ತದೆಂದು ಕಿವಿಗೆ ಮೊದಲೇ ಗೊತ್ತು. ಆ ಭರವಸೆಯಲ್ಲಿ ಮನಸ್ಸು ಕಾವಲು ಬಿಟ್ಟು ಸಡಿಲಗೊಳ್ಳುತ್ತದೆ. ವಿಮರ್ಶಕರು ಇದನ್ನು ಬಡತನವೆನ್ನುತ್ತಾರೆ, ಕೆಲವು ಕೃತಿಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸಂಗೀತ ಕಲಿಯಲು ತೊಡಗಿದ ಹದಿಹರೆಯದವರು ಪಿಯಾನೊ ಮುಂದೆ ಕೂತು ತಮ್ಮ ಬೆರಳುಗಳಿಂದಲೇ ಇಷ್ಟು ಭಾವ ಹೊರಡಿಸಬಹುದೆಂದು ಕಂಡುಕೊಳ್ಳುವುದು ಸಣ್ಣ ಸಂಗತಿಯಲ್ಲ. 2016ರ ಜೂನ್‌ನಲ್ಲಿ ಗ್ರೀನ್‌ಪೀಸ್ ಸಂಸ್ಥೆಗಾಗಿ ಐನೌದಿ ಸ್ವಾಲ್ಬಾರ್ಡ್‌ನ ಹಿಮನದಿಯ ಮುಂದೆ, ನೀರಿನಲ್ಲಿ ತೇಲುವ ಕಟ್ಟೆಯ ಮೇಲೆ ‘ಎಲಿಜಿ ಫಾರ್ ದಿ ಆರ್ಕ್‌ಟಿಕ್’ ನುಡಿಸಿದರು. ಆ ಚಿತ್ರಣದಲ್ಲಿ ಸ್ವರಗಳ ನಡುವೆ ಹಿಮ ಕುಸಿಯುವ ಸದ್ದೂ ಇದೆ.

ಫೆಲ್ಟ್ ಮತ್ತು ಮೈಕ್

ಬರ್ಲಿನ್ನಿನಲ್ಲಿದ್ದ ನಿಲ್ಸ್ ಫ್ರಾಮ್ (ಜನನ 1982) ರಾತ್ರಿ ಹೊತ್ತು ನುಡಿಸುವಾಗ ನೆರೆಯವರ ನಿದ್ದೆ ಕೆಡಬಾರದೆಂದು ಸುತ್ತಿಗೆಗೂ ತಂತಿಗೂ ನಡುವೆ ಫೆಲ್ಟ್ ಬಟ್ಟೆ ಇಳಿಬಿಟ್ಟರು. ದನಿ ಎಷ್ಟು ತಗ್ಗಿತೆಂದರೆ ಅದನ್ನು ಹಿಡಿಯಲು ಮೈಕ್‌ಗಳನ್ನು ಪಿಯಾನೊದ ಒಳಗೇ ಇಡಬೇಕಾಯಿತು. ಆಗ ಸುತ್ತಿಗೆಯ ಚಲನೆ, ಪೆಡಲಿನ ಕಿರುಗುಟ್ಟುವಿಕೆ, ವಾದಕನ ಉಸಿರು, ನೆಲದ ಹಲಗೆಯ ಸದ್ದು ಎಲ್ಲವೂ ಸ್ವರದಷ್ಟೇ ಸ್ಪಷ್ಟವಾಗಿ ದಾಖಲಾದವು. 2011ರ ‘ಫೆಲ್ಟ್’ ಆಲ್ಬಂ ಹೀಗೆ ಹುಟ್ಟಿತು, ಈ ಪ್ರಕಾರದ ಧ್ವನಿಯನ್ನೇ ಬದಲಾಯಿಸಿತು. ಹಿಂದಿನ ಎಂಜಿನಿಯರುಗಳು ಕಸವೆಂದು ತೆಗೆದುಹಾಕುತ್ತಿದ್ದ ಸದ್ದುಗಳೇ ಆಪ್ತತೆಯ ಗುರುತಾದವು. ಸಭಾಂಗಣದ ಹತ್ತನೆಯ ಸಾಲಿನಲ್ಲಿ ಕೂತವರಿಗೆ ಎಂದೂ ಕೇಳಿಸದ ಉಸಿರು ಇಯರ್‌ಫೋನ್ ಹಾಕಿದವರ ಕಿವಿಗೆ ತಾಕುತ್ತದೆ. ಮನುಷ್ಯರು ಅಷ್ಟು ಹತ್ತಿರ ಬರಗೊಡುವುದು ನಂಬಿದವರನ್ನು ಮಾತ್ರ. ಈ ಸಂಗೀತ ನಮ್ಮನ್ನು ಬೇಗ ಕರಗಿಸಲು ಅದೂ ಒಂದು ಬಲವಾದ ಕಾರಣ.

ಮುಂದೆ ಫ್ರಾಮ್‌ರ ಕೋರಿಕೆಯಂತೆ ಡೇವಿಡ್ ಕ್ಲಾವಿನ್ಸ್ ಪ್ರತಿ ಸ್ವರಕ್ಕೂ ಒಂದೇ ತಂತಿಯಿರುವ ‘ಉನಾ ಕೋರ್ಡಾ’ ಪಿಯಾನೊ ಕಟ್ಟಿದರು. ಹೆಬ್ಬೆರಳು ಮುರಿದಾಗ ಉಳಿದ 9 ಬೆರಳುಗಳಿಂದ ನುಡಿಸಿದ 9 ತುಣುಕುಗಳು ‘ಸ್ಕ್ರೂಸ್’ (2012) ಆಲ್ಬಮ್ಮಾದವು. ವರ್ಷದ 88ನೆಯ ದಿನವನ್ನು ಪಿಯಾನೊ ದಿನವಾಗಿ ಆಚರಿಸುವ ರೂಢಿಯನ್ನು 2015ರಲ್ಲಿ ಆರಂಭಿಸಿದವರೂ ಅವರೇ. ಅವರ ಗೆಳೆಯ ಆರ್ನಾಲ್ಡ್ಸ್ 2018ರ ‘ರಿಮೆಂಬರ್’ ಆಲ್ಬಮ್ಮಿನಲ್ಲಿ ತಾವು ನುಡಿಸಿದ ಸ್ವರಕ್ಕೆ ತಾವಾಗಿಯೇ ಉತ್ತರ ಕೊಡುವ ಇನ್ನೆರಡು ಪಿಯಾನೊಗಳನ್ನು ಬಳಸಿದ್ದಾರೆ.

ಮನಶ್ಶಾಸ್ತ್ರ ಹೇಳುವುದು

ಸಂಗೀತದ ಭಾವ ನಿರೀಕ್ಷೆಯ ಆಟದಿಂದ ಹುಟ್ಟುತ್ತದೆಂದು ಲಿಯೊನಾರ್ಡ್ ಮೇಯರ್ 1956ರಲ್ಲೇ ವಾದಿಸಿದ್ದರು. 1991ರಲ್ಲಿ ಜಾನ್ ಸ್ಲೊಬೊಡಾ ಕೇಳುಗರಿಗೆ ಕಣ್ಣೀರು ತರಿಸಿದ ಸ್ಥಳಗಳನ್ನು ಗುರುತಿಸಿ ನೋಡಿದಾಗ ಅಲ್ಲಿ ಅಪೊಜಿಯಾಚುರಾ ಎಂಬ ಅಲಂಕಾರ ಮತ್ತೆ ಮತ್ತೆ ಸಿಕ್ಕಿತು: ಸ್ವರಗುಚ್ಛಕ್ಕೆ ಹೊರತಾದ ಸ್ವರವೊಂದು ಪೆಟ್ಟಿನ ಮೇಲೆ ಬಿದ್ದು, ಒಂದು ಕ್ಷಣ ಎಳೆದಾಡಿ, ಪಕ್ಕದ ಸ್ವರದಲ್ಲಿ ಶಾಂತವಾಗುವುದು. ನವಶಾಸ್ತ್ರೀಯ ಪಿಯಾನೊದಲ್ಲಿ ಈ ಎಳೆದಾಟ ಹೇರಳ, ಅದೂ ನಿಧಾನಗತಿಯಲ್ಲಿ. ಸಂಗೀತದ ಉತ್ಕರ್ಷದಲ್ಲಷ್ಟೇ ಅಲ್ಲ, ಅದಕ್ಕೆ ಕಾಯುವ ಹೊತ್ತಿನಲ್ಲೂ ಮಿದುಳಿನಲ್ಲಿ ಡೋಪಮೈನ್ ಒಸರುತ್ತದೆಂದು ಕೆನಡಾದ ಸಂಶೋಧಕರು 2011ರಲ್ಲಿ ತೋರಿಸಿದರು.

ದುಃಖದ ಸಂಗೀತ ಏಕೆ ಹಿತವಾಗುತ್ತದೆಂಬ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆಯ ಉತ್ತರ ಇನ್ನೂ ಆಳವಾದದ್ದು. ಕಲೆಯಲ್ಲಿ ಭಾವವು ಇಂಥವರದೆಂಬ ಗುರುತು ಕಳಚಿಕೊಂಡು ಸಾಧಾರಣೀಕರಣಗೊಳ್ಳುತ್ತದೆ, ಆದ್ದರಿಂದಲೇ ಕರುಣವೂ ಆಸ್ವಾದ್ಯ ಎಂದು ಭಟ್ಟನಾಯಕ ಮತ್ತು ಅಭಿನವಗುಪ್ತರು ಹೇಳಿದರು. ಸಾಹಿತ್ಯವೇ ಇಲ್ಲದ, ಧಾಟಿಯನ್ನೂ ಅರ್ಧಕ್ಕೆ ಬಿಡುವ ಈ ಪಿಯಾನೊ ತುಣುಕುಗಳಲ್ಲಿ ದುಃಖಕ್ಕೆ ಒಡೆಯರೇ ಇರುವುದಿಲ್ಲ. ಕೇಳುವವರು ತಮ್ಮ ನೆನಪನ್ನು ಅಲ್ಲಿ ಧಾರಾಳವಾಗಿ ಇಡಬಹುದು.

ಆಕ್ಷೇಪ ಮತ್ತು ಇಂದಿನ ಸ್ಥಿತಿ

ಈ ಖಾಲಿ ಜಾಗವೇ ಅಪಾಯವೂ ಹೌದು. ಜಾಹೀರಾತು ಸಂಗೀತದ ಉದ್ಯಮದಲ್ಲಿದ್ದ ಯೂಪ್ ಬೇವಿಂಗ್ ಅಜ್ಜಿಯಿಂದ ಬಂದ ಪಿಯಾನೊದಲ್ಲಿ ನುಡಿಸಿ 2015ರಲ್ಲಿ ‘ಸಾಲಿಪ್ಸಿಸಂ’ ಅನ್ನು ಸ್ವಂತ ಖರ್ಚಿನಲ್ಲಿ ಹೊರತಂದರು. ಸ್ಪಾಟಿಫೈನ ‘ಪೀಸ್‌ಫುಲ್ ಪಿಯಾನೊ’ ಪಟ್ಟಿಗೆ ಸೇರಿದ ಮೇಲೆ ಅದು ಲಕ್ಷಾಂತರ ಜನರನ್ನು ಮುಟ್ಟಿತು, ಡಾಯ್ಚ ಗ್ರಾಮೊಫೋನ್ ಸಂಸ್ಥೆ ಅವರನ್ನು ಕರೆದುಕೊಂಡಿತು. ಅವರ ಹಿಂದೆ ಅನುಕರಣೆಯ ಪ್ರವಾಹ ಬಂತು. ಓದುವಾಗ, ಮಲಗುವಾಗ, ಕೆಲಸ ಮಾಡುವಾಗ ಹಾಕಿಕೊಳ್ಳುವ ಹಿನ್ನೆಲೆಯಾಗಿ ಎರಡು ಮೂರು ನಿಮಿಷದ ತುಣುಕುಗಳು ರಾಶಿ ಬಿದ್ದವು. ಅವುಗಳಲ್ಲಿ ಹೆಚ್ಚಿನವು ಭಾವದ ಹೊರಚಿಹ್ನೆಗಳನ್ನಷ್ಟೇ ಎರವಲು ಪಡೆದಿವೆ: ಫೆಲ್ಟ್ ಇದೆ, ಉಸಿರೂ ಇದೆ, ಹೇಳಲು ಏನೂ ಇಲ್ಲ. ಹಿನ್ನೆಲೆಗಷ್ಟೇ ಇರುವ ‘ಪೀಠೋಪಕರಣ ಸಂಗೀತ’ವನ್ನು ಸಾಟಿ ಕಲ್ಪಿಸಿದ್ದು 1917ರಲ್ಲಿ; ಅಂಥ ಸಂಗೀತಕ್ಕೂ ಒಂದು ಉಪಯೋಗವಿದೆ. ಆದರೆ ಅದನ್ನೂ ಪ್ಯಾರ್ಟ್‌ನ ಎರಡು ಪುಟಗಳನ್ನೂ ಒಂದೇ ಸಾಲಿನಲ್ಲಿ ಇಡುವುದು ಅನ್ಯಾಯ.

ಸಕಾಮೊಟೊ ಅವರ ಕೊನೆಯ ಕೆಲಸ ಈ ಅಂತರವನ್ನು ಸ್ಪಷ್ಟಪಡಿಸುತ್ತದೆ. 2011ರ ಸುನಾಮಿಯಲ್ಲಿ ಮುಳುಗಿ ಶ್ರುತಿ ಕೆಟ್ಟ ಪಿಯಾನೊವನ್ನು ಅವರು ‘ಅಸಿಂಕ್’ (2017) ಆಲ್ಬಮ್ಮಿನಲ್ಲಿ ಹಾಗೆಯೇ ನುಡಿಸಿದರು. ಕ್ಯಾನ್ಸರ್ ಚಿಕಿತ್ಸೆಯ ದಿನಗಳಲ್ಲಿ ದಿನಚರಿಯಂತೆ ಧ್ವನಿಮುದ್ರಿಸಿ, ತಾರೀಖುಗಳನ್ನೇ ಹೆಸರಾಗಿಟ್ಟ ತುಣುಕುಗಳ ‘12’ ಆಲ್ಬಂ 2023ರ ಜನವರಿಯಲ್ಲಿ ಬಂತು. ಮಾರ್ಚ್ 28ರಂದು ಅವರು ತೀರಿಕೊಂಡರು. ಅಲ್ಲಿ ಕೇಳಿಸುವ ಉಸಿರು ಅಲಂಕಾರಕ್ಕೆ ಸೇರಿಸಿದ್ದಲ್ಲ.

ಈ ಸಂಗೀತಕ್ಕೆ ಹೊಸಬರಾದವರು ಸಿದ್ಧಪಟ್ಟಿಗಳನ್ನು ಬಿಟ್ಟು ‘ಫ್ಯೂರ್ ಅಲೀನಾ’, ‘ಫೆಲ್ಟ್’ ಮತ್ತು ‘12’ ಇವುಗಳಿಂದ ತೊಡಗಲಿ. ಬೇರೆ ಕೆಲಸ ಬದಿಗಿಟ್ಟು, ಮೊದಲಿಂದ ಕೊನೆಯವರೆಗೆ ಕೇಳಲಿ.